ಕೀಮೋ ದಿನಗಳ ಲಾಗ್‌ಶೀಟ್

(ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಮನೆಯವರಿಗಾಗಿ ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ನೆನಪಿದ್ದಷ್ಟು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಬಿಟಿಎಸ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಕಂಡಕ್ಟರ್ ಆಗಿ ಸೇರಿ, ಅದು ಬಿಎಂಟಿಸಿ ಆದ ಮೇಲೆ ಟ್ರಾಫಿಕ್ ಕಂಟ್ರೋಲರ್ ಆಗಿ ರಿಟೈರ್ ಆದವನು. ಬಸ್ ಸ್ಟ್ಯಾಂಡಿನ ಗೂಡಿನಲ್ಲಿ ಕೂತು ಯಾವ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು, ತಡವಾಗಿದ್ದರೆ ಯಾಕೆ ತಡ ಅಂತ ಬರೆದು ಸಹಿ ಹಾಕುವ ಕೆಲಸ. ಅದನ್ನು ಇಲ್ಲಿ ಯಾಕೆ ಹೇಳಿದೆ ಅಂತ ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೆ.

ಯಾರ ಬಗ್ಗೆ ಮಾತಾಡಲು ಬಂದಿದ್ದೇನೋ ಅವರು ಮೂರನೇ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದಾರೆ. ನನ್ನ ಹೆಂಡತಿ. ಏನು ಹೇಳಬಹುದು, ಏನು ಹೇಳಬಾರದು ಅಂತ ಆಟೋದಲ್ಲಿ ಬರುವಾಗಲೇ ಪಟ್ಟಿ ಕೊಟ್ಟಿದ್ದಾಳೆ. ಹಾಗಾಗಿ ಎರಡು ವಿಷಯ ಬಿಟ್ಟಿದ್ದೇನೆ. ಉಳಿದದ್ದೆಲ್ಲ ಅವಳ ಒಪ್ಪಿಗೆ ಪಡೆದೇ ಹೇಳುತ್ತಿರುವುದು.

2023ರ ಜೂನ್‌ನಲ್ಲಿ ಅವಳ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಜುಲೈನಲ್ಲಿ ಆಪರೇಷನ್. ಆಗಸ್ಟ್ 17ಕ್ಕೆ ಮೊದಲನೇ ಕೀಮೋ. ಒಟ್ಟು 16 ಸಲ. ಮೊದಲ 4 ಮೂರು ವಾರಕ್ಕೊಂದು, ಆಮೇಲಿನ 12 ವಾರಕ್ಕೊಂದು. ಆಸ್ಪತ್ರೆಯಲ್ಲಿ ಇದಕ್ಕೆ ‘ಸೈಕಲ್’ ಅನ್ನುತ್ತಾರೆ. ‘ಎಷ್ಟು ಸೈಕಲ್ ಆಯ್ತು?’ ಅಂತ ಸಿಸ್ಟರ್ ಕೇಳಿದಾಗ, ‘ನಾವು ಆಟೋದಲ್ಲಿ ಬಂದಿದ್ದು’ ಅಂದಿದ್ದಳು ಇವಳು. ಅದು ಮೊದಲ ದಿನ. ಆಗ ಇನ್ನೂ ತಮಾಷೆಗೆ ಶಕ್ತಿ ಇತ್ತು.

ಆ ದಿನ ನಾನು ಮಾಡಿದ ಕೆಲಸ ಒಂದೇ. ಧೈರ್ಯ ಹೇಳಿದ್ದು. ‘ಏನೂ ಆಗಲ್ಲ, ಧೈರ್ಯವಾಗಿರು.’ ಡ್ರಿಪ್ ಹಾಕುವಾಗ ಹೇಳಿದೆ, ಬಾಟಲಿ ಬದಲಾಯಿಸುವಾಗ ಹೇಳಿದೆ, ಬಿಲ್ ಕಟ್ಟಿ ಬಂದು ಮತ್ತೆ ಹೇಳಿದೆ. ಸಾಯಂಕಾಲ ಮನೆಗೆ ಬಂದ ಮೇಲೆ ಅವಳು ಕೇಳಿದಳು: ‘ರೀ, ಬೆಳಿಗ್ಗೆಯಿಂದ ಏಳು ಸಲ ಏನೂ ಆಗಲ್ಲ ಅಂದ್ರಿ. ಯಾರಿಗೆ ಹೇಳ್ತಿದ್ರಿ, ನನಗಾ, ನಿಮಗಾ?’

ಅಲ್ಲಿಗೆ ಆ ಮಾತು ನಿಂತಿತು. ಬೇರೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಎಲ್ಲರೂ ಹೇಳುವುದು ‘ಚೆನ್ನಾಗಿ ನೋಡ್ಕೊಳ್ಳಿ’ ಅಂತ. ನೋಡಿಕೊಳ್ಳುವುದು ಅಂದರೆ ಏನು? ಆ ಪದದಲ್ಲೇ ‘ನೋಡು’ ಅಂತ ಇದೆ ಅಲ್ವಾ? ನನಗೆ ಬರುತ್ತಿದ್ದ ವಿದ್ಯೆ ಅದೊಂದೇ. ನೋಡುವುದು, ಬರೆಯುವುದು. ಮರುದಿನ ಶ್ರೀನಗರದ ಸ್ಟೇಷನರಿ ಅಂಗಡಿಯಿಂದ 200 ಪುಟದ ಗೆರೆ ನೋಟ್‌ಬುಕ್ ತಂದೆ. ಸ್ಕೇಲು ಇಟ್ಟು ಕಾಲಂ ಎಳೆದೆ. ಕೀಮೋ ಆಗಿ ಎಷ್ಟನೇ ದಿನ, ಬೆಳಿಗ್ಗೆ ಜ್ವರ ಎಷ್ಟು, ರಾತ್ರಿ ಎಷ್ಟು, ಏನು ಊಟ, ವಾಂತಿ, ಮೋಷನ್, ನಿದ್ದೆ. ಕೊನೆಗೆ ‘ಇತರೆ’. ಥೇಟ್ ಲಾಗ್‌ಶೀಟ್.

ಮೊದಲ ಪುಟದ ಮೊದಲ ಸಾಲೇ ಗಾಬರಿಯದು. ‘ಮೂತ್ರ ಕೆಂಪು.’ ರಕ್ತ ಅಂದುಕೊಂಡೆ. ಚಪ್ಪಲಿ ಹಾಕಿಕೊಂಡು ಆಟೋ ಕರೆಯಲು ಹೊರಟೇಬಿಟ್ಟಿದ್ದೆ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಮಗಳು ಫೋನಿನಲ್ಲೇ ಹೇಳಿದಳು, ‘ಅಪ್ಪಾ, ಆಸ್ಪತ್ರೆಯಲ್ಲಿ ಕೊಟ್ಟ ಹಾಳೆ ಓದು.’ ಓದಿದೆ. ಮೊದಲ ಪುಟದಲ್ಲೇ ಇತ್ತು. ಡಾಕ್ಸೋರುಬಿಸಿನ್ ಅನ್ನುವ ಔಷಧಿಯ ಬಣ್ಣವೇ ಕೆಂಪು, ಒಂದೆರಡು ದಿನ ಮೂತ್ರವೂ ಕೆಂಪಗೆ ಹೋಗುತ್ತದೆ, ಹೆದರಬೇಕಾಗಿಲ್ಲ. ತಪ್ಪು ಆಸ್ಪತ್ರೆಯದ್ದಲ್ಲ, ನನ್ನದು. ಜೇಬಿನಲ್ಲಿ ಮಡಚಿ ಇಟ್ಟುಕೊಂಡಿದ್ದೆ. ನಿಮಗೂ ಅಂಥ ಹಾಳೆ ಕೊಟ್ಟಿರುತ್ತಾರೆ. ಈವತ್ತೇ ಓದಿ. ಇಂಗ್ಲಿಷಿನಲ್ಲಿದ್ದರೆ ಮಕ್ಕಳ ಹತ್ತಿರ ಓದಿಸಿಕೊಳ್ಳಿ.

ಅದೇ ಹಾಳೆಯಲ್ಲಿ ಇನ್ನೊಂದು ಮಾತಿತ್ತು. ಕೀಮೋ ಆದ ಮೇಲೆ 48 ಗಂಟೆ ರೋಗಿಯ ಮೂತ್ರ, ಮಲ, ವಾಂತಿಯಲ್ಲಿ ಔಷಧಿಯ ಅಂಶ ಇರುತ್ತದೆ. ಟಾಯ್ಲೆಟ್ಟಿನ ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಬೇಕು. ವಾಂತಿ ತೆಗೆಯುವಾಗ ಕೈಗೆ ಗ್ಲೌಸ್ ಹಾಕಬೇಕು. ಕೊಳೆಯಾದ ಬಟ್ಟೆ ಬೇರೆ ಒಗೆಯಬೇಕು. ಭಾರತೀಯ ಕಕ್ಕಸ್ಸು ಇರುವವರು ಬಕೆಟ್ಟಿನಲ್ಲಿ ಧಾರಾಳ ನೀರು ಹಾಕಿ. ನಮ್ಮ ಮನೆಯಲ್ಲಿ ಇರುವುದು ಅದೇ.

ಇದೆಲ್ಲ ಯಾಕಾಗುತ್ತದೆ ಅನ್ನುವುದು ನನಗೆ ಅರ್ಥವಾಗಿದ್ದು ಮೂರನೇ ತಿಂಗಳಲ್ಲಿ. ಅದೂ ಡೇ ಕೇರ್‌ನ ಸಿಸ್ಟರ್ ಒಬ್ಬರು ಹೇಳಿದ್ದಕ್ಕೆ. ಕ್ಯಾನ್ಸರ್ ಕಣ ಬೇಗ ಬೇಗ ಬೆಳೆಯುತ್ತದೆ. ಹಾಗೆ ಬೇಗ ಬೆಳೆಯುವುದನ್ನು ಹೊಡೆಯುವುದೇ ಈ ಔಷಧಿಗಳ ಕೆಲಸ. ಆದರೆ ಕೂದಲ ಬುಡ, ಬಾಯಿಯ ಒಳಪದರ, ಕರುಳಿನ ಒಳಪದರ, ಮೂಳೆಯೊಳಗೆ ರಕ್ತ ಹುಟ್ಟುವ ಜಾಗ, ಇವೂ ಬೇಗ ಬೆಳೆಯುವಂಥವೇ. ಔಷಧಿಗೆ ಅದು ಯಾವುದು, ಇದು ಯಾವುದು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಹೊಟ್ಟೆ ಕೆಡುತ್ತದೆ, ಕೌಂಟ್ ಅಂದರೆ ರಕ್ತಕಣಗಳ ಲೆಕ್ಕ ಬೀಳುತ್ತದೆ. ಇಷ್ಟು ಮೊದಲೇ ಗೊತ್ತಿದ್ದರೆ ಒಂದೊಂದು ಬಂದಾಗಲೂ ಹೊಸ ಕಾಯಿಲೆ ಬಂತೇನೋ ಅಂತ ನಾನು ನಡುಗುತ್ತಿರಲಿಲ್ಲ.

ಇನ್ನು ನೋಟ್‌ಬುಕ್ಕಿಗೆ ಬರೋಣ. ಮೊದಲ ಸೈಕಲ್ಲಿನಲ್ಲಿ ನನಗೆ ಏನೂ ತಿಳಿಯಲಿಲ್ಲ. ಸುಮ್ನೆ ಬರೆದೆ. ಎರಡನೆಯದರಲ್ಲಿ ಹಿಂದಿನ ಪುಟ ತಿರುವಿ ನೋಡಿದಾಗ, ಅರೆ, ಇದಕ್ಕೊಂದು ಟೈಮ್ ಟೇಬಲ್ ಇದೆ ಅನ್ನಿಸಿತು. ಮೊದಲ ಎರಡು ದಿನ ಅವಳು ಚುರುಕು. ಎಷ್ಟು ಅಂದರೆ, ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಟಣಟಣ ಸದ್ದು ಕೇಳಿ ಎದ್ದು ಹೋದರೆ, ಶೆಲ್ಫಿನ ಸ್ಟೀಲ್ ಪಾತ್ರೆಯನ್ನೆಲ್ಲ ಕೆಳಗಿಳಿಸಿ ಒರೆಸುತ್ತಾ ಕೂತಿದ್ದಾಳೆ! ‘ನಿದ್ದೆ ಬರ್ಲಿಲ್ಲ ಕಣ್ರೀ’ ಅಂದಳು. ವಾಂತಿ ಆಗದಿರಲಿ ಅಂತ ಕೊಡುವ ಡೆಕ್ಸಾಮೆಥಾಸೋನ್ ಸ್ಟಿರಾಯ್ಡ್‌ನ ಪ್ರಭಾವ ಅದು. ಅದು ಇಳಿದ ಮೇಲೆ ಮೂರನೇ ದಿನದಿಂದ ಐದನೇ ದಿನದವರೆಗೆ ಮನುಷ್ಯ ಕುಸಿದೇ ಹೋಗುತ್ತಾನೆ. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದರೆ ಮಾತೇ ಇಲ್ಲ. ಆರನೇ ದಿನ ಒಂದು ಲೋಟ ಮಜ್ಜಿಗೆ. ಏಳನೇ ದಿನ ‘ಈವತ್ತು ಯಾವ ವಾರ?’ ಅಂತ ಪ್ರಶ್ನೆ.

ಈ ಲೆಕ್ಕ ಸಿಕ್ಕಿದ್ದು ದೊಡ್ಡ ಉಪಕಾರ ಆಯಿತು. ಮೂರನೇ ದಿನಕ್ಕೆ ಯಾರನ್ನೂ ಮನೆಗೆ ಕರೆಯುತ್ತಿರಲಿಲ್ಲ. ಹದಿನೈದನೇ ದಿನಕ್ಕೆ ಮಗಳನ್ನು ಬರಹೇಳುತ್ತಿದ್ದೆ. ಡಾಕ್ಟರ ಹತ್ತಿರ ನಮಗೆ ಸಿಗುವುದು ಐದು ನಿಮಿಷ. ‘ತುಂಬಾ ಸುಸ್ತು ಸಾರ್’ ಅಂದರೆ ಅವರು ತಾನೆ ಏನು ಮಾಡುತ್ತಾರೆ? ‘ನಾಲ್ಕು ದಿನದಿಂದ ಮೋಷನ್ ಆಗಿಲ್ಲ, ಎಮೆಸೆಟ್ ದಿನಕ್ಕೆ ಮೂರು ಸಲ ನಡೀತಿದೆ’ ಅಂತ ಪುಸ್ತಕ ನೋಡಿ ಹೇಳಿದರೆ ತಕ್ಷಣ ದಾರಿ ಸಿಗುತ್ತದೆ. ವಾಂತಿ ತಡೆಯುವ ಆ ಮಾತ್ರೆಯೇ ಮಲ ಕಟ್ಟಿಸುತ್ತದೆ. ಇದನ್ನು ಹೇಳಲು ನಾಚಿಕೆಪಟ್ಟು ಒದ್ದಾಡುವವರು ಎಷ್ಟು ಜನ! ಒಂದು ಎಚ್ಚರಿಕೆ: ಕೌಂಟ್ ಕಡಿಮೆ ಇದ್ದಾಗ ಎನಿಮಾ ಗಿನಿಮಾ ಅಂತ ಮನೆಯಲ್ಲೇ ಏನೂ ಮಾಡಬೇಡಿ. ಡಾಕ್ಟರನ್ನು ಕೇಳಿ.

ಊಟದ ವಿಷಯ. ನಾನು ಅದಕ್ಕೂ ಮುಂಚೆ ಒಲೆ ಹಚ್ಚಿದ್ದು ಕಾಫಿಗೆ ಹಾಲು ಕಾಯಿಸಲು ಮಾತ್ರ. ಅಕ್ಕಪಕ್ಕದವರು ಪ್ರೀತಿಯಿಂದ ಬಿಸಿಬೇಳೆಬಾತು, ಪುಳಿಯೋಗರೆ ತಂದುಕೊಡುತ್ತಿದ್ದರು. ಮುಚ್ಚಳ ತೆಗೆದರೆ ಸಾಕು, ಇವಳಿಗೆ ಓಕರಿಕೆ. ಒಗ್ಗರಣೆಯ ವಾಸನೆ, ಊದುಬತ್ತಿ, ಪಕ್ಕದ ಮನೆಯ ಸಾರಿನ ಕುದಿ, ಎಲ್ಲ ಶತ್ರುಗಳೇ. ಕಾಫಿ ಅಂದರೆ ಪ್ರಾಣ ಬಿಡುವವಳು ಒಂದು ಗುಟುಕು ಕುಡಿದು, ‘ತುಕ್ಕು ಹಿಡಿದ ಮೊಳೆ ನೆಕ್ಕಿದಂಗಿದೆ’ ಅಂದಳು. ನಾಲಿಗೆಗೆ ಲೋಹದ ರುಚಿ ಹತ್ತುತ್ತದೆ. ಸ್ಟೀಲ್ ಲೋಟ ಬಿಟ್ಟು ಪಿಂಗಾಣಿ ಕಪ್ಪು, ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚ ಕೊಟ್ಟ ಮೇಲೆ ಸ್ವಲ್ಪ ವಾಸಿ ಆಯಿತು. ಬಿಸಿ ಊಟಕ್ಕಿಂತ ಆರಿದ ಊಟಕ್ಕೆ ವಾಸನೆ ಕಡಿಮೆ. ಮೊಸರನ್ನಕ್ಕೆ ಒಗ್ಗರಣೆ ಇಲ್ಲ. ನೀರಾದ ರಾಗಿ ಅಂಬಲಿ, ಅಕ್ಕಿ ಗಂಜಿ, ಎರಡು ಗಂಟೆಗೊಮ್ಮೆ ಅರ್ಧ ಲೋಟ. ‘ಒಂದು ತಟ್ಟೆ ಊಟ ಮಾಡು’ ಅನ್ನುವುದನ್ನು ನಾನು ಬಿಟ್ಟೆ. ತಟ್ಟೆ ನೋಡಿದರೇ ಅವಳಿಗೆ ಹೆದರಿಕೆ ಆಗುತ್ತಿತ್ತು. ಬಾಯಿ ಹುಣ್ಣಾದಾಗ ಮಕ್ಕಳ ಮೆತ್ತನೆ ಬ್ರಷ್ಷು, ಉಪ್ಪು ಮತ್ತು ಅಡುಗೆ ಸೋಡಾ ಕದಡಿದ ನೀರಿನಲ್ಲಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸುವುದು. ಉಪ್ಪಿನಕಾಯಿ, ನಿಂಬೆಹಣ್ಣು ಆಗ ಬೇಡವೇ ಬೇಡ.

ಈಗ ಜ್ವರದ ಬಗ್ಗೆ. ಈವತ್ತು ನಾನು ಹೇಳುವುದರಲ್ಲಿ ಒಂದೇ ಒಂದು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಕೀಮೋ ಆಗಿ ಸುಮಾರು 7ರಿಂದ 14ನೇ ದಿನದ ಒಳಗೆ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತದೆ. ಆಗ ಜ್ವರ 100.4 ಮುಟ್ಟಿದರೆ ಕಾಯುವ ಹಾಗಿಲ್ಲ. ಹಗಲಾಗಲಿ, ರಾತ್ರಿಯಾಗಲಿ, ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ಮೊದಲು ಒಂದು ಡೋಲೋ ಕೊಟ್ಟು ನೋಡೋಣ ಅನ್ನಬಾರದು. ಜ್ವರ ಇಳಿದಂತೆ ಕಾಣುತ್ತದೆ, ಒಳಗೆ ಸೋಂಕು ಏರುತ್ತಿರುತ್ತದೆ.

ನಮಗೆ ಆಗಿದ್ದು ಗೌರಿ ಹಬ್ಬದ ರಾತ್ರಿ. ಎರಡನೇ ಕೀಮೋ ಆಗಿ 11 ದಿನ. ಹಬ್ಬಕ್ಕೆ ಯಾರೂ ಬರಬೇಡಿ ಅಂತ ನಾನು ಫೋನ್ ಮಾಡಿ ಹೇಳಿದ್ದೆ. ಆದರೂ ಬಾಗಿನ ಕೊಡಲು ನಾಲ್ಕು ಜನ ಬಂದರು. ಬಂದವರನ್ನು ಬಾಗಿಲಲ್ಲಿ ನಿಲ್ಲಿಸಲು ನನಗೆ ಬಾಯಿ ಬರಲಿಲ್ಲ. ಅವರಲ್ಲಿ ಒಬ್ಬರ ಮಗು ಕೆಮ್ಮುತ್ತಿತ್ತು. ರಾತ್ರಿ ಹನ್ನೆರಡೂವರೆಗೆ ಇವಳಿಗೆ ಚಳಿ ಶುರುವಾಯಿತು. ಥರ್ಮಾಮೀಟರ್ ಇಟ್ಟೆ, 100.8. ನನ್ನ ಕೈ ತಾನಾಗಿ ಮಾತ್ರೆ ಡಬ್ಬಕ್ಕೆ ಹೋಯಿತು. ಮೂವತ್ತು ವರ್ಷದ ಅಭ್ಯಾಸ ಅದು. ಜ್ವರ ಅಂದರೆ ಒಂದು ಮಾತ್ರೆ, ಬೆಳಿಗ್ಗೆ ನೋಡೋಣ. ಡಬ್ಬದ ಮುಚ್ಚಳದ ಮೇಲೆ ಮಗಳು ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ಜ್ವರಕ್ಕೆ ಇಲ್ಲಿ ಕೈ ಹಾಕಬೇಡಿ’ ಅಂತ ಬರೆದು ಅಂಟಿಸಿದ್ದಳು. ಅದು ಉಳಿಸಿತು.

ಒಂದೂಕಾಲಿಗೆ ಆಸ್ಪತ್ರೆ ತಲುಪಿದೆವು. ಯಾವ ಆಸ್ಪತ್ರೆ ಅಂತ ಹೇಳುವುದಿಲ್ಲ. ಹಗಲು ಅಲ್ಲಿ ಎಲ್ಲರೂ ಒಳ್ಳೆಯವರೇ. ಆ ರಾತ್ರಿ ಡೆಸ್ಕಿನಲ್ಲಿದ್ದ ಹುಡುಗ ತಲೆ ಎತ್ತದೆ, ‘ಫೈಲ್ ಮಾಡಿಸ್ಕೊಂಡು ಬನ್ನಿ, ಜ್ವರ ತಾನೆ, ಕೂತ್ಕೊಳ್ಳಿ’ ಅಂದ. ಬಿಲ್ಲಿಂಗ್ ಕೌಂಟರಿನಲ್ಲಿ ಯಾರೂ ಇಲ್ಲ. ಹತ್ತು ನಿಮಿಷ ಹೋಯಿತು. ಜಗಳ ಆಡುವುದು ನನಗೆ ಗೊತ್ತು, ಮೆಜೆಸ್ಟಿಕ್‌ನಲ್ಲಿ ಕೆಲಸ ಮಾಡಿದವನು. ಆದರೆ ಜಗಳದಿಂದ ಕೆಲಸ ಆಗುವುದಿಲ್ಲ ಅಂತಲೂ ಅಲ್ಲೇ ಕಲಿತಿದ್ದೆ. ನೋಟ್‌ಬುಕ್ ತೆಗೆದು ಅವನ ಮುಂದೆ ಇಟ್ಟು ಹೇಳಿದೆ: ‘ಇವರಿಗೆ ಕೀಮೋ ಆಗಿ 11 ದಿನ. ಜ್ವರ 100.8. ಕೌಂಟ್ ಬಿದ್ದಿರಬಹುದು.’ ಮೂರು ವಾಕ್ಯ. ಪಕ್ಕದಲ್ಲಿ ಹೋಗುತ್ತಿದ್ದ ಡ್ಯೂಟಿ ಡಾಕ್ಟರಮ್ಮ ಕೇಳಿಸಿಕೊಂಡು ನಿಂತರು. ಮುಂದಿನದೆಲ್ಲ ಬೇಗ ಬೇಗ ಆಯಿತು. ಇಂಥ ಜ್ವರಕ್ಕೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರುವಾಗಬೇಕು ಅನ್ನುವುದು ಡಾಕ್ಟರುಗಳು ಪಾಲಿಸುವ ನಿಯಮ. ಆ ಮೂರು ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ದಿನ ಮತ್ತು ಜ್ವರದ ಜಾಗ ಖಾಲಿ ಬಿಡಿ. ಗಾಬರಿಯಲ್ಲಿ ಬಾಯಿ ತೊದಲುತ್ತದೆ.

ರಿಪೋರ್ಟ್ ಬಂತು. ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ ಕಣ 1500ಕ್ಕಿಂತ ಮೇಲಿರಬೇಕು. ಇವಳದ್ದು 280. ಐದು ದಿನ ಅಡ್ಮಿಟ್. ನಾನು ಆ ಕೆಮ್ಮಿದ ಮಗುವನ್ನು, ಅದರ ಅಮ್ಮನನ್ನು ಮನಸ್ಸಿನಲ್ಲೇ ಎಷ್ಟು ಬೈದೆನೋ. ಮೂರನೇ ದಿನ ಡಾಕ್ಟರು ಹೇಳಿದರು, ಎಷ್ಟೋ ಸಲ ಇಂಥ ಸೋಂಕು ಬರುವುದು ಹೊರಗಿನಿಂದ ಅಲ್ಲ, ನಮ್ಮದೇ ಕರುಳು, ಬಾಯಿಯಲ್ಲಿರುವ ಕ್ರಿಮಿಗಳಿಂದ ಅಂತ. ಕೌಂಟ್ ಇಲ್ಲದಾಗ ಅವೇ ತಿರುಗಿಬೀಳುತ್ತವೆ. ಬೈದದ್ದನ್ನು ವಾಪಸ್ ತೆಗೆದುಕೊಂಡೆ. ಬಾಗಿಲಲ್ಲಿ ನಿಲ್ಲಿಸುವುದನ್ನು ಮಾತ್ರ ಅಂದಿನಿಂದ ಕಲಿತೆ.

ಮೂರನೇ ಕೀಮೋ ಒಂದು ವಾರ ಮುಂದಕ್ಕೆ ಹೋಯಿತು. ಅದಕ್ಕೆ ಅವಳು ಅತ್ತಳು. ಜ್ವರಕ್ಕೆ ಅಳದವಳು ಕ್ಯಾಲೆಂಡರ್ ತಪ್ಪಿದ್ದಕ್ಕೆ ಅತ್ತಳು. ಆಮೇಲೆ ಪ್ರತಿ ಸಲ ಕೌಂಟ್ ಏರಿಸುವ ಇಂಜೆಕ್ಷನ್ ಕೊಟ್ಟರು. ಅದನ್ನು ಫ್ರಿಜ್ಜಿನಲ್ಲಿ ಇಡಬೇಕು, ಅಂಗಡಿಯಿಂದ ತರುವಾಗ ಐಸ್ ಪ್ಯಾಕಿನಲ್ಲಿ ತರಬೇಕು. ಅದರಿಂದ ಸೊಂಟದ ಮೂಳೆ, ತೊಡೆ ಮೂಳೆ ನೋಯುತ್ತದೆ. ಆ ನೋವಿಗೆ ಹೆದರಬೇಡಿ.

ಕೂದಲು ಉದುರಲು ಶುರುವಾಗಿದ್ದು ಮೊದಲ ಕೀಮೋ ಆಗಿ ಹದಿನಾರನೇ ದಿನ. ಮೊದಲು ದಿಂಬಿನ ಮೇಲೆ, ಆಮೇಲೆ ಬಚ್ಚಲಿನ ಜಾಲರಿಯಲ್ಲಿ. ನಾನು ದೊಡ್ಡ ಮನುಷ್ಯನ ಹಾಗೆ, ‘ನಾನೂ ತಲೆ ಬೋಳಿಸ್ಕೊಳ್ತೀನಿ, ಜೊತೆಗೆ’ ಅಂದೆ. ಎಲ್ಲೋ ಫೋನಿನಲ್ಲಿ ನೋಡಿದ್ದೆ. ಅವಳು, ‘ಬೇಡಪ್ಪಾ, ನೀವು ಬೋಳಿಸ್ಕೊಂಡ್ರೆ ಬೀದಿಯವರೆಲ್ಲ ಮನೇಲಿ ಯಾರು ಹೋದ್ರು ಅಂತ ಕೇಳ್ತಾರೆ’ ಅಂದಳು. ಸರಿಯೇ ಅಲ್ವಾ? ನಮ್ಮಲ್ಲಿ ಗಂಡಸು ತಲೆ ಬೋಳಿಸುವುದು ತಿರುಪತಿಗೆ, ಮಾದಪ್ಪನ ಬೆಟ್ಟಕ್ಕೆ, ಇಲ್ಲಾ ಅಪ್ಪ ಅಮ್ಮ ಸತ್ತಾಗ. ಬೇರೆ ಊರಿನ ಪ್ರೀತಿ ನಮ್ಮ ಬೀದಿಗೆ ಒಗ್ಗುವುದಿಲ್ಲ. ಕೊನೆಗೆ ಕಟಿಂಗ್ ಶಾಪಿನವನನ್ನು ಮನೆಗೆ ಕರೆಸಿದೆವು. ಅವನು ಕತ್ತಿ ತೆಗೆದ. ಮಗಳು ತಡೆದಳು. ಕತ್ತಿ ಬೇಡ, ಟ್ರಿಮ್ಮರ್ ಹಾಕಿ, ಗಾಯ ಆದರೆ ಸೋಂಕು ಆಗುತ್ತದೆ ಅಂತ. ಇದೂ ನೆನಪಿರಲಿ.

ಆ ಸಾಯಂಕಾಲ ನಾನು ಇನ್ನೊಂದು ಜಾಣತನ ಮಾಡಿದೆ. ದಿನಾ ಒಂದು ಮೊಳ ಹೂವು ಕೊಡುತ್ತಿದ್ದ ಹೂವಿನಮ್ಮನಿಗೆ, ಇನ್ನು ಬೇಡಮ್ಮ ಅಂತ ಹೇಳಿ ಕಳಿಸಿದೆ. ಇವಳಿಗೆ ನೋವಾಗದಿರಲಿ ಅಂತ. ಅವಳು ಒಳಗಿಂದ ಕೇಳಿಸಿಕೊಂಡು ಬಂದು, ‘ಯಾಕ್ರೀ, ದೇವರಿಗೂ ಕೂದಲು ಉದುರಿದೆಯಾ?’ ಅಂದಳು. ಮರುದಿನದಿಂದ ಹೂವು ಮತ್ತೆ ಶುರು.

ಸಲಹೆ ಕೊಡುವವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮ್ಮ ಮನೆಗೂ ಬಂದಿರುತ್ತಾರೆ. ಲಕ್ಷ್ಮಣ ಫಲ, ಪರಂಗಿ ಎಲೆ ರಸ, ಅಮೃತಬಳ್ಳಿ ಕಷಾಯ. ‘ಕೀಮೋ ಬರೀ ವಿಷ, ಗಿಡಮೂಲಿಕೆ ಒಳ್ಳೇದು’ ಅನ್ನುತ್ತಾರೆ. ನಾನು ಜಗಳ ಆಡುವುದಿಲ್ಲ, ಒಂದು ಕಥೆ ಹೇಳುತ್ತೇನೆ. ಇವಳಿಗೆ ವಾರವಾರ ಕೊಟ್ಟ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಒಂದು ಮರದ ತೊಗಟೆಯಲ್ಲಿ. ನಮ್ಮ ಮನೆಗಳ ಮುಂದೆ ಬೆಳೆಯುವ ಕಾಶಿ ಕಣಗಲೆಯಿಂದ ವಿನ್‌ಕ್ರಿಸ್ಟಿನ್ ಅನ್ನುವ ಔಷಧಿ ಬಂತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಈಗಲೂ ಕೊಡುತ್ತಾರೆ. ಕೆಂಪು ಔಷಧಿ ಇಟಲಿಯ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದದ್ದು. ಪಕ್ಕದ ಏಡ್ರಿಯಾಟಿಕ್ ಸಮುದ್ರದ ಹೆಸರಿಂದಲೇ ಅದಕ್ಕೆ ಏಡ್ರಿಯಾಮೈಸಿನ್ ಅಂತ ಹೆಸರು. ಅಂದರೆ ಗಿಡ, ಮಣ್ಣು ಎಲ್ಲ ಇದರಲ್ಲೂ ಇದೆ. ಅಳತೆ ಮಾಡಿ, ಪರೀಕ್ಷೆ ಮಾಡಿ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ. ಅಳತೆ ಇಲ್ಲದ ಕಷಾಯ ಕೀಮೋ ಜೊತೆ ಸೇರಿದರೆ ಲಿವರಿಗೆ ಪೆಟ್ಟು ಬೀಳಬಹುದು. ಕೊಡಲೇಬೇಕು ಅನ್ನಿಸಿದರೆ ಡಾಕ್ಟರಿಗೆ ಹೇಳಿ ಕೊಡಿ. ಕದ್ದು ಕೊಡಬೇಡಿ.

ದುಡ್ಡಿನ ಮಾತು ಚುಟುಕಾಗಿ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಪಡೆಯಬಹುದು. ಚಿಕಿತ್ಸೆ ಶುರುವಾಗುವ ಮುಂಚೆಯೇ ವಿಚಾರಿಸಿ. ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆ 1973ರಿಂದ ಇದೆ. ಅಲ್ಲಿಗೆ ಜಿಲ್ಲೆ ಜಿಲ್ಲೆಗಳಿಂದ ಬರುವವರಿಗೆ ಉಳಿಯಲು ಧರ್ಮಶಾಲೆಯೂ ಇದೆ. ಇನ್ಶೂರೆನ್ಸ್ ಇರುವವರು, ರಾತ್ರಿ ಉಳಿಯದೆ ಹಗಲಲ್ಲೇ ಮುಗಿಯುವ ಕೀಮೋ ‘ಡೇ ಕೇರ್’ ಲೆಕ್ಕದಲ್ಲಿ ಬರುತ್ತದಾ ಅಂತ ಕೇಳಿಕೊಳ್ಳಿ. ಒಂದೇ ಔಷಧಿ ಬೇರೆ ಬೇರೆ ಕಂಪನಿಯಲ್ಲಿ ಬೇರೆ ಬೇರೆ ಬೆಲೆಗೆ ಇರುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಿಗಳ ಮಾರಾಟದ ಲಾಭಕ್ಕೆ 30% ಮಿತಿ ಹಾಕಿತು. ಹಾಗಿದ್ದೂ ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ‘ಇದಕ್ಕಿಂತ ಕಡಿಮೆ ಬೆಲೆಯದ್ದು ಇದೆಯಾ ಡಾಕ್ಟ್ರೇ?’ ಅಂತ ಕೇಳಿದರೆ ಮರ್ಯಾದೆ ಹೋಗುವುದಿಲ್ಲ.

ಈಗ ಸ್ವಲ್ಪ ಕಷ್ಟದ ವಿಷಯ. ಇದನ್ನು ಹೇಳಲು ಅವಳೇ ಹೇಳಿದ್ದಾಳೆ.

ನವೆಂಬರ್‌ನಿಂದ ವಾರದ ಕೀಮೋ. ವಾಂತಿ ಕಡಿಮೆ, ನಾಲಿಗೆಗೆ ಸ್ವಲ್ಪ ರುಚಿ ಬಂತು. ನಾವು ಗೆದ್ದೆವು ಅಂದುಕೊಂಡೆ. ಜನವರಿ ಬಂತು, ಅವರೆಕಾಯಿ ಕಾಲ. ಸೊಗಡಿನ ಕಾಯಿ ತನ್ನಿ ಅಂದಳು. ಎರಡು ಕೆಜಿ ತಂದೆ. ಕಾಳು ನೆನೆಹಾಕಿ ಹಿದುಕಲು ಕೂತಳು. ಅವಳ ಕೈಯಲ್ಲಿ ಅವರೆ ಹೇಗೆ ಚಿಮ್ಮುತ್ತದೆ ಅಂದರೆ, ಟಿವಿ ನೋಡುತ್ತಾ ಕಣ್ಣು ಆ ಕಡೆ ಇದ್ದರೂ ಬೇಳೆ ಪಾತ್ರೆಗೇ ಬೀಳುತ್ತದೆ. ಅವತ್ತು ಕಾಳು ಕೈಯಿಂದ ಜಾರಿ ಜಾರಿ ನೆಲಕ್ಕೆ ಬೀಳುತ್ತಿತ್ತು. ಟಿವಿ ಆಫ್ ಮಾಡಿದಳು. ಒಂದೊಂದೇ ಕಾಳನ್ನು ಕಣ್ಣಿಂದ ನೋಡಿ ಹಿಡಿದು ಹಿದುಕುತ್ತಿದ್ದಳು. ‘ಏನಾಯ್ತು?’ ಅಂದೆ. ‘ಕಾಳು ಎಳಸು’ ಅಂದಳು.

ಆಮೇಲೆ ಒಂದೊಂದೇ ಕಾಣತೊಡಗಿತು. ಮನೆಯಲ್ಲಿ ಹಗಲೆಲ್ಲ ನೈಟಿ, ರವಿಕೆ ಹಾಕುತ್ತಿಲ್ಲ. ಹುಕ್ಕು ಹಾಕಲು ಬೆರಳು ಕೇಳುತ್ತಿಲ್ಲ. ಓಲೆ ತೆಗೆದಿಟ್ಟಿದ್ದಾಳೆ. ತಿರುಪು ಸಿಗುತ್ತಿಲ್ಲ. ಗೇಟಿನವರೆಗೆ ಹೋಗಿ ಬಂದಳು, ಒಂದು ಚಪ್ಪಲಿ ದಾರಿಯಲ್ಲೇ ಇದೆ, ಜಾರಿದ್ದು ಕಾಲಿಗೆ ಗೊತ್ತೇ ಆಗಿಲ್ಲ. ಈ ಔಷಧಿ ಕೈಕಾಲಿನ ತುದಿಯ ನರಗಳಿಗೆ ಪೆಟ್ಟು ಕೊಡುತ್ತದೆ. ಜೋಮು ಹಿಡಿಯುತ್ತದೆ, ಸ್ಪರ್ಶ ಕಡಿಮೆಯಾಗುತ್ತದೆ. ಅದು ಹಾಳೆಯಲ್ಲಿತ್ತು. ಅವಳೂ ಓದಿದ್ದಳು. ಡೋಸ್ ಕಡಿಮೆ ಮಾಡಬಹುದು, ನಿಲ್ಲಿಸಲೂಬಹುದು ಅಂತ ಅದರಲ್ಲೇ ಇತ್ತು. ಹಾಗಾಗಿ ಬಚ್ಚಿಟ್ಟಿದ್ದಳು.

ನಾನು ‘ಇತರೆ’ ಕಾಲಂನಲ್ಲಿ ಎಲ್ಲ ಬರೆದೆ. ಒಂಬತ್ತನೇ ವಾರ ಡಾಕ್ಟರು, ‘ಹೇಗಿದ್ದೀರಮ್ಮಾ?’ ಅಂದರು. ‘ಚೆನ್ನಾಗಿದ್ದೀನಿ ಸಾರ್’ ಅಂದಳು. ನಾನು ಬಾಯಿ ಹಾಕಿದೆ. ‘ಇಲ್ಲ ಡಾಕ್ಟ್ರೇ, ಇವಳಿಗೆ ಹುಕ್ಕು ಹಾಕೋಕೆ ಆಗ್ತಿಲ್ಲ.’ ಡಾಕ್ಟರು ಮೇಜಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಎತ್ತಿ ಅಂದರು. ಅವಳಿಂದ ಆಗಲಿಲ್ಲ. ಡೋಸ್ ಇಳಿಸಿದರು.

ಬರುವಾಗ ಆಟೋದವನಿಗೆ ಲಾಲ್‌ಬಾಗ್ ಪಕ್ಕದ ರಸ್ತೆಯಲ್ಲಿ ಹೋಗು ಅಂತ ಹೇಳಿದೆ. ಆ ಮರಗಳು ಅವಳಿಗೆ ಇಷ್ಟ, ಹಂಪ್ ಎಲ್ಲೆಲ್ಲಿದೆ ಅಂತ ನನಗೂ ಗೊತ್ತು. ಅವಳು ಮರ ನೋಡಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಹೇಳಿದಳು: ‘ಅದು ನನ್ನ ಕೈ. ನನ್ನ ಕೈ ವಿಷಯ ನಾನು ಹೇಳೋಕೆ ಮುಂಚೆ ನೀವ್ಯಾಕೆ ಹೇಳಿದ್ರಿ?’

ಎರಡು ದಿನ ಮಾತಿಲ್ಲ. ನಾನು ಮಾಡಿದ್ದು ಸರಿಯಾ ತಪ್ಪಾ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಹೇಳಬೇಕಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಹಾಗೇ ಬಿಟ್ಟಿದ್ದರೆ ಜೋಮು ಖಾಯಂ ಆಗುವ ಸಾಧ್ಯತೆ ಇತ್ತು. ಆದರೆ ಡಾಕ್ಟರ ಮುಂದೆ ಕೂರಿಸಿ, ಬಸ್ಸು ತಡವಾಗಿ ಬಂತು ಅಂತ ಡ್ರೈವರ್ ಮೇಲೆ ರಿಪೋರ್ಟ್ ಬರೆದ ಹಾಗೆ ಹೇಳಿದೆ. ಅವಳಿಗಾದದ್ದು ಅದೇ ಅವಮಾನ. ಮೂರನೇ ದಿನ ಒಂದು ಒಪ್ಪಂದ ಆಯಿತು. ಡಾಕ್ಟರ ಹತ್ತಿರ ಹೋಗುವ ಹಿಂದಿನ ರಾತ್ರಿ ಇಬ್ಬರೂ ಕೂತು ನೋಟ್‌ಬುಕ್ ಓದುವುದು. ಅವಳು ಹೇಳುವುದಕ್ಕೆ ಅವಳೇ ಗುರುತು ಹಾಕುವುದು. ಜ್ವರ, ರಕ್ತ, ಉಸಿರಾಟ, ಈ ಮೂರಕ್ಕೆ ಮಾತ್ರ ನಾನು ಕೇಳದೆ ಹೇಳಬಹುದು.

2024ರ ಫೆಬ್ರವರಿ 1ಕ್ಕೆ ಕೊನೆಯ ಡ್ರಿಪ್ ಮುಗಿಯಿತು. ಬೆರಳು ಸರಿಯಾಗಲು ತಿಂಗಳುಗಟ್ಟಲೆ ಬೇಕಾಯಿತು. ಚಳಿ ಬೆಳಿಗ್ಗೆ ಕಾಲ್ಬೆರಳಲ್ಲಿ ಈಗಲೂ ಸ್ವಲ್ಪ ಜೋಮು ಇದೆ. ಕೂದಲು ಬಂತು, ಗುಂಗುರಾಗಿ ಬಂತು. ಹಿಂದೆ ನೇರ ಇತ್ತು.

ನನ್ನ ಮಾತು ಇಷ್ಟು. ಆಮೇಲೆ ಪ್ರಶ್ನೆಗಳು ಬಂದವು.

ಹಿಂದಿನ ಸಾಲಿನ ಹುಡುಗನೊಬ್ಬ, ಹೆಂಡತಿಗೆ ಕೀಮೋ ನಡೆಯುತ್ತಿದೆ, ಮನೆಯ ಹಿರಿಯರು ತಟ್ಟೆ ಲೋಟ ಬೇರೆ ಇಡಿ, ಮಂಚ ಬೇರೆ ಮಾಡಿ ಅನ್ನುತ್ತಾರೆ ಅಂದ. ಕ್ಯಾನ್ಸರ್ ಅಂಟುವ ಕಾಯಿಲೆ ಅಲ್ಲ. ಆ 48 ಗಂಟೆಯ ಬಚ್ಚಲಿನ ಎಚ್ಚರಿಕೆ ಇದ್ದರೆ ಸಾಕು, ಒಂದೇ ಮಂಚದಲ್ಲಿ ಮಲಗಬಹುದು, ಒಂದೇ ಅಡುಗೆ ಉಣ್ಣಬಹುದು. ಗಂಡ ಹೆಂಡಿರ ಸಂಬಂಧದ ಬಗ್ಗೆ ಡಾಕ್ಟರನ್ನು ನೇರವಾಗಿ ಕೇಳಿ, ಅದಕ್ಕೂ ಎಚ್ಚರಿಕೆಗಳಿವೆ. ಕೌಂಟ್ ಬಿದ್ದಾಗ ಕಾಪಾಡಬೇಕಾಗಿರುವುದು ಮನೆಯವರನ್ನಲ್ಲ, ಅವಳನ್ನು. ಇದನ್ನು ಹಿರಿಯರಿಗೆ ತಿರುಗಿಸಿ ಹೇಳು ಅಂದೆ.

ಒಬ್ಬ ಹೆಣ್ಣುಮಗಳು ಎದ್ದು ನಿಂತು, ‘ನಮ್ಮ ಯಜಮಾನರಿಗೆ ಆರು ತಿಂಗಳಿಂದ ನಡೀತಿದೆ. ನಾನು ಮಾಡೋದನ್ನ ಯಾರೂ ಕೇಳಲ್ಲ ಸಾರ್. ನಿಮ್ಮನ್ನ ಕರೆದು ಮಾತಾಡಿಸ್ತಾರೆ’ ಅಂದರು. ಸಭೆ ನಕ್ಕಿತು. ಅವರು ನಗಲಿಲ್ಲ. ನಾನೂ ನಗಲಿಲ್ಲ. ಅವರು ಹೇಳಿದ್ದು ನಿಜ. ಡೇ ಕೇರ್‌ನಲ್ಲಿ ಗಂಡಂದಿರ ಪಕ್ಕ ಚೀಲ ಹಿಡಿದು ಕೂತ ಹೆಂಗಸರು ಎಷ್ಟೋ ಜನ. ಅವರಿಗೆ ಯಾರೂ ‘ಎಂಥ ಹೆಂಡತಿ’ ಅಂದದ್ದು ನಾನು ಕೇಳಲಿಲ್ಲ. ನಾನು ಒಂದು ಫ್ಲಾಸ್ಕಿನಲ್ಲಿ ಗಂಜಿ ತಂದರೆ ‘ಎಂಥ ಗಂಡ’ ಅನ್ನುತ್ತಿದ್ದರು. ಮುಂದಿನ ಸಲ ಈ ಮೈಕು ಅವರಿಗೇ ಕೊಡಿ ಅಂತ ಸಂಘಟಕರಿಗೆ ಹೇಳಿದೆ. ಅವರಿಗೆ ಒಂದು ಮಾತು ಮಾತ್ರ ಹೇಳಿದೆ, ನಿಮ್ಮ ಬಿಪಿ ಮಾತ್ರೆ, ಶುಗರ್ ಮಾತ್ರೆ ಬಿಡಬೇಡಿ ಅಂತ. ನಾನು ಹತ್ತು ದಿನ ಮರೆತು ಔಷಧಿ ಅಂಗಡಿಯ ಕ್ಯೂನಲ್ಲೇ ತಲೆ ತಿರುಗಿ ಕೂತವನು.

ಕೊನೆಗೆ ಯಾರೋ ನನ್ನನ್ನು ಬಿಟ್ಟು ಮೂರನೇ ಸಾಲಿಗೆ ಪ್ರಶ್ನೆ ಹಾಕಿದರು. ‘ಅಮ್ಮಾ, ಇವರು ಮಾಡಿದ್ದರಲ್ಲಿ ನಿಮಗೆ ಜಾಸ್ತಿ ಕಿರಿಕಿರಿ ಆಗಿದ್ದು ಯಾವುದು?’

ಅವಳು ಕೂತಲ್ಲಿಂದಲೇ ಹೇಳಿದಳು: ‘ಇದೇ, ನೋಡೋದು. ಬೆಳಿಗ್ಗೆ ಕಣ್ಣು ಬಿಡೋ ಮುಂಚೆ ಇವರ ಮುಖ ನನ್ನ ಮುಖದ ಮೇಲೆ ಇರೋದು. ಹೇಗಿದ್ದೀಯ, ಕೈ ಹೇಗಿದೆ, ಬಾಯಿ ತೆಗಿ. ನಾನು ಎಚ್ಚರ ಆಗಿದ್ರೂ ಕಣ್ಣು ಮುಚ್ಕೊಂಡೇ ಮಲಗಿರ್ತಿದ್ದೆ, ಹತ್ತು ನಿಮಿಷ ಯಾರೂ ಏನೂ ಕೇಳದೆ ಇರ್ಲಿ ಅಂತ.’

ಇದು ನನಗೆ ಗೊತ್ತೇ ಇರಲಿಲ್ಲ. ನನ್ನ ಪುಸ್ತಕದಲ್ಲಿ ಆ ದಿನಗಳ ಮುಂದೆ ‘ನಿದ್ದೆ: ಚೆನ್ನಾಗಿದೆ’ ಅಂತ ಬರೆದಿದೆ. ಅದನ್ನು ಅಲ್ಲೇ ಎಲ್ಲರ ಮುಂದೆ ಹೇಳಿದೆ. ‘ಹೂಂ, ನಂಗೂ ಗೊತ್ತು. ಅದಕ್ಕೇ ಆಮೇಲೆ ಪುಸ್ತಕಾನ ಮಂಚದ ಪಕ್ಕದಿಂದ ಎತ್ತಿ ಅಡುಗೆಮನೇಲಿ ಇಟ್ಟಿದ್ದು’ ಅಂದಳು.

ಅದು ಈಗಲೂ ಅಲ್ಲೇ ಇದೆ, ಅಕ್ಕಿ ಡಬ್ಬದ ಮೇಲೆ. ಉಳಿದ ಹಾಳೆಗಳಲ್ಲಿ ಅವಳು ಹಾಲಿನ ಲೆಕ್ಕ ಬರೆಯುತ್ತಿದ್ದಾಳೆ.